ಶೆನ್‌ಜೆನ್ ಬರೀ ಮೀನುಗಾರರ ಹಳ್ಳಿ ಆಗಿತ್ತಾ? – ಸಂಪಾದಕರ ಉತ್ತರ

ಭದ್ರಾವತಿಯ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರ ನಮ್ಮ ಮುಂದಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರಾಂಶ ಇಷ್ಟು:

‘ಚೀನಾದ ಶೆನ್‌ಜೆನ್ ಬಗ್ಗೆ ಪತ್ರಿಕೆಯಲ್ಲಿ, ಟಿವಿಯಲ್ಲಿ, ಭಾಷಣದಲ್ಲಿ ಎಲ್ಲ ಕಡೆ ಒಂದೇ ಮಾತು ಕೇಳಿ ಸಾಕಾಗಿದೆ. ನಿನ್ನೆ ಮೀನುಗಾರರ ಹಳ್ಳಿ, ಇವತ್ತು ಮಹಾನಗರ ಅಂತ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಇದು ಗಂಟಲಲ್ಲಿ ಇಳಿಯುತ್ತಿಲ್ಲ. ಮೊದಲು ಅಲ್ಲಿ ಏನೂ ಇರಲೇ ಇಲ್ವಾ? ಇದ್ದ ಜನ ಏನಾದರು? ನಾವೂ ಅದೇ ಥರ ವಿಶೇಷ ಆರ್ಥಿಕ ವಲಯ (ಹೂಡಿಕೆ ಸೆಳೆಯಲು ನಿಯಮ, ತೆರಿಗೆ ಸಡಿಲಿಸಿದ ಪ್ರದೇಶ) ಮಾಡಿದೆವಲ್ಲ, ನಮ್ಮಲ್ಲಿ ಯಾಕೆ ಹಾಗೆ ಆಗಲಿಲ್ಲ? ಕಂಪನಿ ಕೆಲಸಕ್ಕೆಂದು ನನ್ನ ಮಗಳು ಸದ್ಯದಲ್ಲೇ ಅಲ್ಲಿಗೆ ಹೊರಟಿದ್ದಾಳೆ. ಗಾಜಿನ ಕಟ್ಟಡ ಬಿಟ್ಟು ನೋಡುವಂಥದ್ದು ಏನಿದೆ, ತಿಳಿಸಿ.’

ಮೇಷ್ಟ್ರೇ,

ನಿಮ್ಮ ಅನುಮಾನ ಸರಿಯಾಗಿದೆ. ಆ ‘ಮೀನುಗಾರರ ಹಳ್ಳಿ’ ಕತೆ ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಅಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆ ಕತೆಯಿಂದ ಒಂದು ಅನ್ಯಾಯವೂ ಆಗಿದೆ. ಅಲ್ಲಿ ಮೊದಲೇ ಬಾಳಿದವರು, ಆಮೇಲೆ ಬಂದು ಮಣ್ಣು ಹೊತ್ತವರು ಇಬ್ಬರೂ ಅದರಲ್ಲಿ ಕಾಣಿಸುವುದಿಲ್ಲ. ಬೆಸ್ತರ ಬಲೆ ಇದ್ದ ಕಡೆ ಗೋಪುರ ತಾನಾಗಿ ಎದ್ದು ನಿಂತಿತು ಎಂಬಂತೆ ಕೇಳಿಸುತ್ತದೆ. ಅದಕ್ಕೇ ಈ ಸಲ ಸ್ವಲ್ಪ ಜಾಸ್ತಿಯೇ ಬರೆಯುತ್ತಿದ್ದೇನೆ.

ಇಡೀ ಶೆನ್‌ಜೆನ್ ಹೇಳಲು ಹೋದರೆ ಮುಗಿಯುವುದಿಲ್ಲ. ಅದರ ಪಶ್ಚಿಮಕ್ಕಿರುವ ನಾನ್‌ಶಾನ್ ಎಂಬ ಒಂದು ಜಿಲ್ಲೆಯನ್ನಷ್ಟೇ ಹಿಡಿದುಕೊಳ್ಳೋಣ. 2020ರ ಜನಗಣತಿಯ ಪ್ರಕಾರ ಅಲ್ಲಿ ಸುಮಾರು 18 ಲಕ್ಷ ಜನ ಇದ್ದರು. ಟೆನ್ಸೆಂಟ್ ಎಂಬ ದೊಡ್ಡ ಇಂಟರ್ನೆಟ್ ಕಂಪನಿಯ ಮುಖ್ಯ ಕಚೇರಿ ಇಲ್ಲೇ, ಡ್ರೋನ್ ಮಾಡುವ ಡಿಜೆಐ ಕಚೇರಿಯೂ ಇಲ್ಲೇ. ಈ ಜಿಲ್ಲೆಯ ದಕ್ಷಿಣ ತುದಿ ಕಡಲಿಗೆ ಚಾಚಿಕೊಂಡಿದೆ. ಆ ತುದಿಯೇ ಶೆಕೌ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಬಂದರೆ ನಾನ್‌ತೌ ಎಂಬ ಹಳೆಯ ಕೋಟೆ ಊರು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ನಾನ್‌ತೌನಲ್ಲಿದೆ.

ಕ್ರಿ.ಶ. 331ರಲ್ಲೇ ನಾನ್‌ತೌ ಒಂದು ದೊಡ್ಡ ಪ್ರಾಂತದ ಆಡಳಿತ ಕೇಂದ್ರವಾಗಿತ್ತು. ಸುತ್ತಲಿನ ಕರಾವಳಿಯಲ್ಲಿ ಉಪ್ಪು ತೆಗೆಯುತ್ತಿದ್ದರು. 1394ರಲ್ಲಿ ಮಿಂಗ್ ದೊರೆಗಳು ಕಡಲುಗಳ್ಳರನ್ನು ತಡೆಯಲು ಇಲ್ಲಿ ಕೋಟೆ ಕಟ್ಟಿಸಿ ದಂಡು ಇಟ್ಟರು. 1573ರಲ್ಲಿ ಶಿನ್‌ಆನ್ ಎಂಬ ಹೊಸ ತಾಲ್ಲೂಕು ಮಾಡಿ ಇದನ್ನೇ ಅದರ ಕೇಂದ್ರ ಮಾಡಿದರು. ಆ ತಾಲ್ಲೂಕಿನ ಗಡಿಯೊಳಗೆ ಇವತ್ತಿನ ಹಾಂಕಾಂಗ್ ಪೂರ್ತಿ ಇತ್ತು! ಹಾಂಕಾಂಗಿನ ಹಳ್ಳಿಗಳೆಲ್ಲ ನಾನ್‌ತೌ ಕಚೇರಿಯ ಅಧಿಕಾರದ ಕೆಳಗಿದ್ದವು. ಬ್ರಿಟಿಷರು 1842ರಲ್ಲಿ ದ್ವೀಪ, 1860ರಲ್ಲಿ ಕೌಲೂನ್, 1898ರಲ್ಲಿ ಉಳಿದ ಭಾಗ ಎಂದು ಒಂದೊಂದಾಗಿ ಕತ್ತರಿಸಿಕೊಂಡದ್ದು ಈ ತಾಲ್ಲೂಕಿನಿಂದಲೇ. ನಾವು ‘ಹಾಂಕಾಂಗಿನ ಪಕ್ಕದ ಹಳ್ಳಿ’ ಎನ್ನುತ್ತೇವೆ. ಹಳೇ ಕಾಗದಪತ್ರದ ಪ್ರಕಾರ ಹಾಂಕಾಂಗೇ ಇದರ ಒಂದು ಮೂಲೆ.

ಈ ನೆಲ ಒಂದು ಸಲ ಪೂರ್ತಿ ಖಾಲಿಯಾದದ್ದೂ ಉಂಟು. ಆಗ ಖಾಲಿ ಮಾಡಿಸಿದ್ದು ಸರ್ಕಾರವೇ. ಸಮುದ್ರದಲ್ಲಿದ್ದ ಮಿಂಗ್ ಬಣದ ಹಡಗುಪಡೆಗೆ ದಡದಿಂದ ಅನ್ನ ನೀರು ಸಿಗಬಾರದೆಂದು 1662ರಲ್ಲಿ ಮಿಂಗರ ನಂತರ ಬಂದ ಚಿಂಗ್ ವಂಶದ ಸರ್ಕಾರ ಕರಾವಳಿಯ ಜನರನ್ನೆಲ್ಲ ಒಳನಾಡಿಗೆ ಅಟ್ಟಿತು. ಬಿಟ್ಟುಹೋದ ಊರುಗಳು ಹಾಳುಬಿದ್ದವು. 1666ರಲ್ಲಿ ತಾಲ್ಲೂಕನ್ನೇ ರದ್ದು ಮಾಡಿದರು. 1669ರಲ್ಲಿ ಮತ್ತೆ ತೆರೆದರು. ಆಗ ಉಳಿದಿದ್ದವರು ವಾಪಸ್ ಬಂದರು. ಅವರ ಜೊತೆ ಹಕ್ಕಾ ಭಾಷೆಯ ವಲಸಿಗರೂ ಬಂದು ನೆಲೆಸಿದರು. ಹೊರಗಿನಿಂದ ಜನ ಬಂದು ಸೇರಿಕೊಳ್ಳುವುದು ಈ ಸೀಮೆಗೆ 1980ರಲ್ಲಿ ಶುರುವಾದ ಅಭ್ಯಾಸ ಅಲ್ಲವೇ ಅಲ್ಲ.

ಹಾಗಾದರೆ ನಾನ್‌ತೌ ಯಾಕೆ ಮರೆಯಾಯಿತು? ರೈಲು. ಕೌಲೂನಿನಿಂದ ಗ್ವಾಂಗ್‌ಜೌ ಕಡೆಗೆ 1911ರಲ್ಲಿ ರೈಲು ಬಂತು. ಅದು ಹಾದುಹೋದದ್ದು ನಾನ್‌ತೌ ಮೇಲಲ್ಲ, ಪೂರ್ವಕ್ಕಿದ್ದ ಶೆನ್‌ಜೆನ್ ಎಂಬ ಸಂತೆ ಊರಿನ ಮೇಲೆ. ವ್ಯಾಪಾರ ಅತ್ತ ವಾಲಿತು. ಈ ನಡುವೆ, 1914ರಲ್ಲಿ ತಾಲ್ಲೂಕಿಗೆ ಬಾವೊಆನ್ ಎಂದು ಹೆಸರು ಬದಲಾಗಿತ್ತು. 1953ರಲ್ಲಿ ತಾಲ್ಲೂಕು ಕಚೇರಿಯನ್ನೂ ಆ ಸಂತೆ ಊರಿಗೇ ಒಯ್ದರು. 1979ರಲ್ಲಿ ಇಡೀ ತಾಲ್ಲೂಕನ್ನು ಶೆನ್‌ಜೆನ್ ನಗರ ಎಂದು ಘೋಷಿಸಿದಾಗ ಅಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಭತ್ತ ಬೆಳೆಯುವವರು, ಲಿಚಿ ತೋಟದವರು, ಸಿಂಪಿ ಸಾಕುವವರು, ಮೀನು ಹಿಡಿಯುವವರು, ಸಂತೆ ವ್ಯಾಪಾರಿಗಳು ಎಲ್ಲರೂ. ಮೂರು ಲಕ್ಷ ಜನರ ತಾಲ್ಲೂಕನ್ನು ಯಾರಾದರೂ ಹಳ್ಳಿ ಅನ್ನುತ್ತಾರಾ?

ಬಡತನ ಮಾತ್ರ ನಿಜ. ಅದರಲ್ಲಿ ಸುಳ್ಳಿಲ್ಲ. ಐವತ್ತರ ದಶಕದಿಂದ ಎಪ್ಪತ್ತರ ದಶಕದ ಕೊನೆಯವರೆಗೂ ಜನ ಕದ್ದು ಹಾಂಕಾಂಗಿಗೆ ಓಡಿಹೋಗುತ್ತಿದ್ದರು. ಶೆಕೌ ಎದುರಿನ ಕೊಲ್ಲಿ ಈಜಿ ದಾಟಿದರೆ ಆಚೆ ದಡ ಹಾಂಕಾಂಗ್. ರಾತ್ರಿ ಹೊತ್ತು ಇಳಿಯುತ್ತಿದ್ದರು. ದಾಟಿದವರು ಬದುಕಿಕೊಂಡರು. ಮುಳುಗಿದವರ ಹೆಣಗಳು ದಡಕ್ಕೆ ಬರುತ್ತಿದ್ದವು. ಊರಿನ ಗಟ್ಟಿಮುಟ್ಟಾದ ಹುಡುಗರೇ ಇಲ್ಲದೆ ಗದ್ದೆಗಳು ಬೀಳುಬಿದ್ದ ಹಳ್ಳಿಗಳಿದ್ದವು. ಕಾವಲು ಹಾಕಿ ಇದನ್ನು ನಿಲ್ಲಿಸಲು ಆಗುವುದಿಲ್ಲ ಎಂಬುದು ಕೊನೆಗೆ ಅಧಿಕಾರಿಗಳಿಗೂ ಗೊತ್ತಾಯಿತು. ಈಚೆ ದಡದಲ್ಲೇ ಕೂಲಿ ಹುಟ್ಟಬೇಕಿತ್ತು.

ಈಗ ಯುವಾನ್ ಗೆಂಗ್ ಅವರ ವಿಷಯಕ್ಕೆ ಬರುತ್ತೇನೆ. ಇವರ ಬಗ್ಗೆ ನಮ್ಮಲ್ಲಿ ಬರೆದವರು ಕಡಿಮೆ. ಹುಟ್ಟಿದ್ದು 1917ರಲ್ಲಿ, ಇದೇ ಬಾವೊಆನ್ ತಾಲ್ಲೂಕಿನ ದಾಪೆಂಗ್‌ನಲ್ಲಿ. ಮಣ್ಣಿನ ಮಗ. ಜಪಾನೀಯರ ವಿರುದ್ಧ ಹೋರಾಡಿದ ಈಸ್ಟ್ ರಿವರ್ ಗೆರಿಲ್ಲಾ ಪಡೆಯಲ್ಲಿ ಗುಪ್ತಚರ ಕೆಲಸ ಮಾಡಿದವರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸುಳ್ಳು ಆರೋಪದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಬೀಜಿಂಗ್‌ನ ಜೈಲಿನಲ್ಲಿದ್ದರು. 1978ರಲ್ಲಿ, ಅರವತ್ತು ದಾಟಿದ ಮೇಲೆ, ಅವರನ್ನು ಹಾಂಕಾಂಗಿನಲ್ಲಿದ್ದ ಚೈನಾ ಮರ್ಚೆಂಟ್ಸ್ ಎಂಬ ಸರ್ಕಾರಿ ಹಡಗು ಕಂಪನಿಗೆ ಕಳಿಸಿದರು. 1872ರಲ್ಲಿ ಶುರುವಾದ ಈ ಕಂಪನಿ ಅಷ್ಟು ಹೊತ್ತಿಗೆ ಸೊರಗಿಹೋಗಿತ್ತು.

ಹಾಂಕಾಂಗಿಗೆ ಹೋದ ಹೊಸತರಲ್ಲಿ ಅವರೊಂದು ಕಟ್ಟಡ ಕೊಂಡರು. ಮುಂಗಡ 2 ಕೋಟಿ ಹಾಂಕಾಂಗ್ ಡಾಲರ್. ಅವತ್ತು ಶುಕ್ರವಾರ, ಮಧ್ಯಾಹ್ನ. ಸಹಿ ಬಿದ್ದ ಕೂಡಲೇ ಮಾರಾಟಗಾರ ಚೆಕ್ ಹಿಡಿದು ಓಡಿದ. ಕೆಳಗೆ ಅವನ ಕಾರು ಇಂಜಿನ್ ಆಫ್ ಮಾಡದೆ ಕಾಯುತ್ತಿತ್ತು. ಬ್ಯಾಂಕ್ ಮುಚ್ಚುವುದರೊಳಗೆ ಕಟ್ಟದಿದ್ದರೆ ಶನಿವಾರ, ಭಾನುವಾರದ ಬಡ್ಡಿ ಹೋಗುತ್ತದಲ್ಲ! ಸರ್ಕಾರಿ ಕಚೇರಿಗಳಲ್ಲಿ ಫೈಲು ತಿಂಗಳುಗಟ್ಟಲೆ ಕೂರುವುದನ್ನು ಕಂಡಿದ್ದ ಯುವಾನ್ ಇದನ್ನು ಮರೆಯಲಿಲ್ಲ. ಮುಂದೆ ಎಷ್ಟೋ ಜನರಿಗೆ ಹೇಳಿದರು. ‘ಸಮಯವೇ ಹಣ, ದಕ್ಷತೆಯೇ ಜೀವ’ ಎಂಬ ಅವರ ಘೋಷಣೆ ಆಮೇಲೆ ದೇಶವೆಲ್ಲ ಹಬ್ಬಿತು.

ಅವರ ಲೆಕ್ಕಾಚಾರ ಸರಳವಾಗಿತ್ತು. ಹಳೇ ಹಡಗು ಒಡೆಯಲು, ಸಣ್ಣಪುಟ್ಟ ಕಾರ್ಖಾನೆ ಹಾಕಲು ಕಂಪನಿಗೆ ಜಾಗ ಬೇಕು. ಹಾಂಕಾಂಗಿನಲ್ಲಿ ನೆಲದ ಬೆಲೆ ಮುಟ್ಟುವ ಹಾಗಿಲ್ಲ. ಕೊಲ್ಲಿಯ ಈಚೆ ನೆಲವೂ ಇದೆ, ದುಡಿಯುವ ಕೈಯೂ ಇದೆ. ದುಡ್ಡು ಮತ್ತು ತಂತ್ರಜ್ಞಾನ ಅಲ್ಲಿಂದ ತಂದರಾಯಿತು. 1979ರ ಜನವರಿ 31ರಂದು ಬೀಜಿಂಗ್‌ನಲ್ಲಿ ಹಿರಿಯ ನಾಯಕ ಲಿ ಶಿಯಾನ್‌ನಿಯಾನ್ ಅವರ ಮುಂದೆ ನಕ್ಷೆ ಹರಡಿದರು. ಲಿ ಇಡೀ ಪರ್ಯಾಯ ದ್ವೀಪವನ್ನೇ ತೋರಿಸಿ ತಗೋ ಎಂದರಂತೆ. ಯುವಾನ್ ಧೈರ್ಯ ಮಾಡಲಿಲ್ಲ, ತುದಿಯಲ್ಲಿ ಸುಮಾರು 2 ಚದರ ಕಿಲೋಮೀಟರ್ ಸಾಕೆಂದರು. ಸರ್ಕಾರ ದುಡ್ಡು ಕೊಡುವುದಿಲ್ಲ. ಕಂಪನಿಯೇ ಸಾಲ ಎತ್ತಿ ರಸ್ತೆ, ನೀರು, ಕರೆಂಟು, ಬಂದರು ಮಾಡಿಕೊಳ್ಳಬೇಕು. ಅದೇ ಜುಲೈನಲ್ಲಿ ಗುಡ್ಡ ಒಡೆಯಲು ಮೊದಲ ಮದ್ದು ಹಾರಿಸಿದರು. ಶೆನ್‌ಜೆನ್ ವಿಶೇಷ ಆರ್ಥಿಕ ವಲಯ ಎಂದು ಕಾನೂನಿನಲ್ಲಿ ಬರೆದದ್ದು ಅದಕ್ಕಿಂತ ಒಂದು ವರ್ಷದ ಮೇಲೆ, 1980ರ ಆಗಸ್ಟ್ 26ಕ್ಕೆ.

ಇನ್ನು ನಾಲ್ಕು ಪೈಸೆಯ ಸಂಗತಿ. ಮೇಷ್ಟ್ರೇ, ಇದನ್ನು ನೀವು ಮಕ್ಕಳಿಗೆ ಹೇಳಲೇಬೇಕು. ಬಂದರು ಕಟ್ಟುವಲ್ಲಿ ಲಾರಿಯಲ್ಲಿ ಮಣ್ಣು ಸಾಗಿಸಬೇಕಿತ್ತು. ಎಷ್ಟು ದುಡಿದರೂ ಸಂಬಳ ಅಷ್ಟೇ. ಹಾಗಾಗಿ ಒಂದು ಲಾರಿ ದಿನಕ್ಕೆ 20, 30 ಟ್ರಿಪ್ ಹೊಡೆದರೆ ಹೆಚ್ಚು. 1979ರ ಅಕ್ಟೋಬರ್‌ನಲ್ಲಿ ಹೊಸ ಲೆಕ್ಕ ಇಟ್ಟರು. ದಿನಕ್ಕೆ 55 ಟ್ರಿಪ್ ಗುರಿ. ಗುರಿಯೊಳಗೆ ಟ್ರಿಪ್ಪಿಗೆ 2 ಫೆನ್, ಗುರಿ ದಾಟಿದ ಪ್ರತಿ ಟ್ರಿಪ್ಪಿಗೆ 4 ಫೆನ್ ಬೋನಸ್. ನೂರು ಫೆನ್ ಸೇರಿದರೆ ಚೀನಾದ ಹಣದಲ್ಲಿ ಒಂದು ಯುವಾನ್. ನಮ್ಮ ಪೈಸೆಯ ಲೆಕ್ಕ. ಅಷ್ಟಕ್ಕೇ ಲಾರಿಗಳು ದಿನಕ್ಕೆ 80, 90 ಟ್ರಿಪ್ ಓಡಿದವು.

ಆಮೇಲೆ ಮೇಲಿನಿಂದ ತಕರಾರು ಬಂತು. ಬೋನಸ್ಸಿಗೆ ಮಿತಿ ಇದೆ, ಇದು ನಿಯಮ ಮೀರಿದ್ದು ಎಂದು 1980ರ ಏಪ್ರಿಲ್‌ನಲ್ಲಿ ನಿಲ್ಲಿಸಿಬಿಟ್ಟರು. ಲಾರಿಗಳು ಮತ್ತೆ ಹಳೇ ಚಾಳಿಗೆ ಬಿದ್ದವು. ಯುವಾನ್ ಸುಮ್ನೆ ಕೂರಲಿಲ್ಲ. ಸರ್ಕಾರಿ ಸುದ್ದಿಸಂಸ್ಥೆಯ ವರದಿಗಾರರನ್ನು ಕರೆಸಿ ಬರೆಸಿದರು. ಆ ವರದಿ ಆಳುವ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ಹು ಯಾವೊಬಾಂಗ್ ಅವರ ಮೇಜು ತಲುಪಿತು. ಅವರು ಷರಾ ಬರೆದರು, ಆಗಸ್ಟ್‌ನಲ್ಲಿ ಬೋನಸ್ ವಾಪಸ್ ಬಂತು. ಯೋಚಿಸಿ ನೋಡಿ, ಅಷ್ಟು ದೊಡ್ಡ ದೇಶದಲ್ಲಿ ಲಾರಿ ಡ್ರೈವರನಿಗೆ ನಾಲ್ಕು ಪೈಸೆ ಕೊಡಬೇಕೋ ಬೇಡವೋ ಎಂಬುದು ರಾಜಧಾನಿಯಲ್ಲಿ ತೀರ್ಮಾನ ಆಗಬೇಕಾಯಿತು! ಆ ತೀರ್ಮಾನ ಬೇರೆ ಥರ ಆಗಿದ್ದರೆ ಇವತ್ತು ನಾವು ಈ ಊರಿನ ಬಗ್ಗೆ ಮಾತಾಡುತ್ತಲೇ ಇರಲಿಲ್ಲ ಎಂದು ನನಗೆ ಅನಿಸುತ್ತದೆ. ‘ಪವಾಡ’ ಎಂಬ ಮಾತು ನನಗೆ ಹಿಡಿಸದಿರುವುದು ಇದಕ್ಕೇ.

ಸಂಪಾದಕನಾಗಿ ನನಗೆ ಇದಕ್ಕಿಂತಲೂ ಹತ್ತಿರವಾದ ಒಂದು ಘಟನೆ ಇದೆ. ಶೆಕೌ ವಲಯಕ್ಕೆ ತನ್ನದೇ ಒಂದು ಸಣ್ಣ ಪತ್ರಿಕೆ ಇತ್ತು. 1985ರಲ್ಲಿ ಒಬ್ಬ ಯುವಕ ಯುವಾನ್ ಗೆಂಗ್ ಅವರ ಆಡಳಿತವನ್ನೇ ಟೀಕಿಸಿ, ಅವರ ಹೆಸರು ಹಿಡಿದು ಪತ್ರ ಬರೆದ. ಸಂಪಾದಕರು ಅದನ್ನು ಅವರಿಗೇ ತೋರಿಸಿದರು. ಯುವಾನ್ ಒಂದಕ್ಷರ ತಿದ್ದದೆ ಹಾಕಿ ಎಂದರು. ಪತ್ರ ಅಚ್ಚಾಯಿತು. 1983ರಲ್ಲೇ ಅಲ್ಲಿ ಆಡಳಿತ ಸಮಿತಿಗೆ ಚುನಾವಣೆ ಮಾಡಿದ್ದರು. 1988ರ ಜನವರಿ 13ರಂದು ಬೀಜಿಂಗ್‌ನಿಂದ ಬಂದ ಉಪನ್ಯಾಸಕರು ಶೆಕೌ ಯುವಕರಿಗೆ ಬುದ್ಧಿ ಹೇಳುತ್ತಾ, ಕೆಲವರು ಇಲ್ಲಿಗೆ ಬರೀ ದುಡ್ಡು ಬಾಚಲು ಬರುತ್ತಾರೆ ಎಂದರು. ಹುಡುಗರು ಎದ್ದು ನಿಂತು ವಾದಕ್ಕಿಳಿದರು. ಕಾನೂನು ಮೀರದೆ ದುಡಿದು ಸಂಪಾದಿಸಿದರೆ ತಪ್ಪೇನು ಎಂದು ಕೇಳಿದರು. ಆ ಜಗಳ ಪಕ್ಷದ ಮುಖವಾಣಿ ಪೀಪಲ್ಸ್ ಡೈಲಿಯವರೆಗೂ ಹೋಗಿ ದೇಶದ ಚರ್ಚೆಯಾಯಿತು. ಯುವಾನ್ ಹುಡುಗರ ಪರ ನಿಂತರು. ತೊಂಬತ್ತರ ದಶಕದ ಹೊತ್ತಿಗೆ ಈ ಗಾಳಿ ನಿಂತುಹೋಯಿತು. 1990ರಲ್ಲಿ ಶೆಕೌ, ನಾನ್‌ತೌ ಎರಡೂ ನಾನ್‌ಶಾನ್ ಜಿಲ್ಲೆಗೆ ಸೇರಿದವು. ಕಾರ್ಖಾನೆ ಉಳಿಯಿತು, ಚುನಾವಣೆ ಉಳಿಯಲಿಲ್ಲ. ಶೆನ್‌ಜೆನ್ ಹೊಗಳುವವರು ಈ ಭಾಗ ಬಿಟ್ಟು ಹೊಗಳುತ್ತಾರೆ. ನನಗೆ ಅದು ಬೇಸರದ ಸಂಗತಿ.

ಕಂಪನಿಗಳ ವಿಷಯ ಬೇಗ ಮುಗಿಸುತ್ತೇನೆ, ಅದು ಎಲ್ಲ ಕಡೆ ಸಿಗುತ್ತದೆ. ಚೈನಾ ಮರ್ಚೆಂಟ್ಸ್ ಬ್ಯಾಂಕ್ 1987ರಲ್ಲಿ, ಪಿಂಗ್ ಆನ್ ವಿಮಾ ಕಂಪನಿ 1988ರಲ್ಲಿ, ಎರಡೂ ಶೆಕೌನಲ್ಲೇ ಹುಟ್ಟಿದವು. ಟಿವಿ, ರೇಡಿಯೊ ಜೋಡಿಸುತ್ತಿದ್ದ ಕಾರ್ಖಾನೆಗಳು ಕೂಲಿ ಏರಿದ ಮೇಲೆ ಬೇರೆಡೆ ಹೋದವು. ಸ್ಯಾನ್ಯೊ ಕಂಪನಿಯ ಕಟ್ಟಡಗಳಲ್ಲಿ ಈಗ ವಿನ್ಯಾಸಕಾರರ ಕಚೇರಿಗಳಿವೆ. ಹಳೇ ಗಾಜಿನ ಕಾರ್ಖಾನೆ 2013ರಲ್ಲಿ, ಹಿಟ್ಟಿನ ಗಿರಣಿ 2015ರಲ್ಲಿ ನಗರದ ವಾಸ್ತುಶಿಲ್ಪ ಪ್ರದರ್ಶನಕ್ಕೆ ಜಾಗ ಕೊಟ್ಟವು.

ನಿಮ್ಮ ಎರಡನೇ ಪ್ರಶ್ನೆ, ಇದ್ದ ಜನ ಏನಾದರು ಎಂಬುದು. ಚೀನಾದಲ್ಲಿ ಹಳ್ಳಿಯ ನೆಲ ಹಳ್ಳಿಯ ಸಮೂಹಕ್ಕೆ ಸೇರಿದ್ದು. ಶೆನ್‌ಜೆನ್ ಸರ್ಕಾರ ಗದ್ದೆಗಳನ್ನು ವಶ ಮಾಡಿಕೊಂಡಿತು, ಆದರೆ ಮನೆ ನಿವೇಶನಗಳು ಹಳ್ಳಿಯವರ ಕೈಯಲ್ಲೇ ಉಳಿದವು. ಗದ್ದೆ ಹೋದ ರೈತರು ಮನೆ ಕೆಡವಿ ಐದು, ಏಳು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಒಂದಕ್ಕೊಂದು ಎಷ್ಟು ಹತ್ತಿರ ಅಂದರೆ ಅಲ್ಲಿಯವರು ಅವನ್ನು ‘ಕೈಕುಲುಕುವ ಕಟ್ಟಡ’ ಎಂದೇ ಕರೆಯುತ್ತಾರೆ. ಈಚೆ ಕಿಟಕಿಯಿಂದ ಕೈ ಚಾಚಿದರೆ ಆಚೆ ಕಿಟಕಿಯವರ ಕೈ ಸಿಗುತ್ತದೆ. ಗಲ್ಲಿಯಲ್ಲಿ ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ತಲೆ ಮೇಲೆ ವೈರುಗಳ ಗೋಜಲು. ನೆಲಮಹಡಿಯಲ್ಲಿ ನೂಡಲ್ ಅಂಗಡಿ, ಕ್ಷೌರದಂಗಡಿ, ಮೊಬೈಲ್ ರಿಪೇರಿ.

ನಗರ ಕಟ್ಟಲು ಬಂದವರು ತಂಗಿದ್ದು ಇಲ್ಲೇ. ಹುನಾನ್, ಸಿಚುವಾನ್ ಕಡೆಯ ರೈತರ ಮಕ್ಕಳು, ಅದರಲ್ಲೂ ಹದಿನೆಂಟು ಇಪ್ಪತ್ತರ ಹುಡುಗಿಯರು. ವಲಯಕ್ಕೆ ಕಾಲಿಡಲು ಚೀನೀಯರಿಗೇ ಪರ್ಮಿಟ್ ಬೇಕಿತ್ತು. ಸುತ್ತ ತಂತಿಬೇಲಿ, ನಾನ್‌ತೌ ಬಳಿ ಚೆಕ್‌ಪೋಸ್ಟ್. ಆ ವ್ಯವಸ್ಥೆಯನ್ನು ಅಧಿಕೃತವಾಗಿ ಕೈಬಿಟ್ಟದ್ದು 2018ರಲ್ಲಿ. ಊರಿನ ಖಾಯಂ ನಿವಾಸಿ ಎಂಬ ನೋಂದಣಿ ಇಲ್ಲದೆ ಸರ್ಕಾರಿ ಮನೆಯಾಗಲಿ, ಮಕ್ಕಳಿಗೆ ಶಾಲೆಯಾಗಲಿ ಸುಲಭಕ್ಕೆ ಸಿಗದು. ಅವರಿಗೆ ಅಗ್ಗದ ಸೂರು ಕೊಟ್ಟದ್ದು ಈ ಹಳ್ಳಿಯವರ ಕಟ್ಟಡಗಳು. ಯಾವ ನಗರ ಯೋಜನೆಯಲ್ಲೂ ಬರೆದಿರದ ಈ ಏರ್ಪಾಡು ಇಲ್ಲದಿದ್ದರೆ ನಾನ್‌ಶಾನ್ ಬೆಳೆಯುತ್ತಲೇ ಇರಲಿಲ್ಲ.

ಈಗ ಅದಕ್ಕೇ ಕುತ್ತು ಬಂದಿದೆ. ನಾನ್‌ಶಾನ್‌ನ ಬೈಶಿಜೌ ಎಂಬಲ್ಲಿ ಸುಮಾರು ಒಂದೂವರೆ ಲಕ್ಷ ಜನ ಹೀಗೆ ಬಾಡಿಗೆಗೆ ಇದ್ದರು. 2019ರಲ್ಲಿ ಖಾಲಿ ಮಾಡಿಸಲು ಶುರು ಮಾಡಿದರು. ಕಟ್ಟಡದ ಮಾಲೀಕರಾದ ಹಳ್ಳಿಯವರಿಗೆ ಒಳ್ಳೇ ಪರಿಹಾರ, ಹೊಸ ಫ್ಲ್ಯಾಟು. ಬಾಡಿಗೆಯವರಿಗೆ ಒಂದು ನೋಟಿಸು. ಮಕ್ಕಳ ಶಾಲೆ ಏನು ಮಾಡುವುದೆಂದು ಅಪ್ಪ ಅಮ್ಮಂದಿರು ಗೋಗರೆದರು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಮೂಲ ಊರಿನವರು ಬಹುಪಾಲು ಉಳಿದರು, ಹಲವರು ಚೆನ್ನಾಗೇ ಉಳಿದರು. ಎಲ್ಲಿ ಹೋದರು ಎಂದು ಕೇಳಬೇಕಾದದ್ದು ಆ ಒಂದೂವರೆ ಲಕ್ಷ ಜನರ ಬಗ್ಗೆ.

ನಮ್ಮ ವಲಯಗಳ ಬಗ್ಗೆ ಕೇಳಿದ್ದೀರಿ. ಅಂದಿನ ವಾಣಿಜ್ಯ ಸಚಿವ ಮುರಸೋಳಿ ಮಾರನ್ ಚೀನಾದ ವಲಯಗಳನ್ನು ನೋಡಿ ಬಂದು 2000ದ ಏಪ್ರಿಲ್‌ನಲ್ಲಿ ನಮ್ಮ ನೀತಿ ಪ್ರಕಟಿಸಿದರು. 2005ರಲ್ಲಿ ಕಾಯ್ದೆ ಬಂತು. ಹೆಸರು ಒಂದೇ, ಗಾತ್ರ ನೋಡಿ. ಶೆನ್‌ಜೆನ್ ವಲಯ 327.5 ಚದರ ಕಿಲೋಮೀಟರ್. ನಮ್ಮ ನಿಯಮದಲ್ಲಿ ಐಟಿ ವಲಯಕ್ಕೆ 10 ಹೆಕ್ಟೇರ್ ಇದ್ದರೆ ಸಾಕಿತ್ತು. ಬೆಂಗಳೂರಿನ ಎಷ್ಟೋ ಟೆಕ್ ಪಾರ್ಕ್‌ಗಳು ಆ ಲೆಕ್ಕದಲ್ಲಿ ವಲಯಗಳಾದವು. ಅಲ್ಲಿ ಒಂದು ಊರಿನ ಕೂಲಿ, ಮನೆ, ನೆಲ, ಬಂದರು ಎಲ್ಲದರ ನಿಯಮ ಬದಲಾಯಿಸಿ ನೋಡಿದರು. ಇಲ್ಲಿ ಕೊಟ್ಟದ್ದು ಮುಖ್ಯವಾಗಿ ತೆರಿಗೆ ರಿಯಾಯಿತಿ. ಪಕ್ಕದಲ್ಲಿ ಹಾಂಕಾಂಗ್ ಇದ್ದದ್ದೂ ಅವರಿಗೆ ಒದಗಿದ ಅನುಕೂಲ. ಅದನ್ನು ಯಾವ ಕಾಯ್ದೆಯಿಂದಲೂ ತರಲಾಗದು. ಇನ್ನೊಂದು ಮಾತು. ಅಲ್ಲಿ ಗದ್ದೆ ಬಿಡುವುದಿಲ್ಲ ಎಂದು ಕೋರ್ಟಿಗೆ ಹೋಗುವ ದಾರಿ ರೈತನಿಗೆ ನಮ್ಮಷ್ಟು ತೆರೆದಿರಲಿಲ್ಲ. ಆ ದಾರಿ ಮುಚ್ಚಿ ವೇಗ ತರಬೇಕು ಎನ್ನುವವರ ಜೊತೆ ನಾನಿಲ್ಲ.

ಇನ್ನು ನಿಮ್ಮ ಮಗಳಿಗೆ. ಮೆಟ್ರೊ 12ನೇ ಮಾರ್ಗ ಹಿಡಿದರೆ ನಾನು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಂದೇ ದಿನದಲ್ಲಿ ನೋಡಬಹುದು. ನಾನ್‌ತೌ ಹಳೇ ಊರಿನ ಹೆಸರಿನದೇ ಸ್ಟೇಷನ್ ಇದೆ. ಇಳಿದು ಮಿಂಗ್ ಕಾಲದ ದಕ್ಷಿಣ ಬಾಗಿಲಿನಿಂದ ಒಳಗೆ ಹೋಗಲಿ. ಮುಖ್ಯ ಬೀದಿಯನ್ನು ಈಚೆಗೆ ದುರಸ್ತಿ ಮಾಡಿ ಕಾಫಿ ಅಂಗಡಿಗಳಿಂದ ತುಂಬಿಸಿದ್ದಾರೆ. ಅಲ್ಲಿ ನಿಲ್ಲದೆ ಪಕ್ಕದ ಗಲ್ಲಿಗೆ ತಿರುಗಿದರೆ ಕೈಕುಲುಕುವ ಕಟ್ಟಡಗಳು ಸಿಗುತ್ತವೆ.

ಅಲ್ಲಿಂದ ದಕ್ಷಿಣಕ್ಕೆ ಸೀ ವರ್ಲ್ಡ್ ಸ್ಟೇಷನ್. ಅಲ್ಲೊಂದು ದೊಡ್ಡ ಪ್ರಯಾಣಿಕರ ಹಡಗು ನಿಂತಿದೆ. 1962ರಲ್ಲಿ ಫ್ರೆಂಚರು ಕಟ್ಟಿದ್ದು, ಮಾರ್ಸೇ ಮತ್ತು ಡಕಾರ್ ನಡುವೆ ಓಡಾಡುತ್ತಿತ್ತು. 1973ರಲ್ಲಿ ಚೀನಾ ಕೊಂಡು ಮಿಂಗ್‌ಹುವಾ ಎಂದು ಹೆಸರಿಟ್ಟಿತು. 1983ರಲ್ಲಿ ಶೆಕೌ ದಡಕ್ಕೆ ತಂದು ಹೋಟೆಲು ಮಾಡಿದರು. ಮರುವರ್ಷ ಜನವರಿಯಲ್ಲಿ ಚೀನಾದ ಅಂದಿನ ಪರಮೋಚ್ಚ ನಾಯಕ ಡೆಂಗ್ ಶಿಯಾವೊಪಿಂಗ್ ಅದನ್ನು ಹತ್ತಿ ಸ್ವಹಸ್ತದಿಂದ ‘ಸೀ ವರ್ಲ್ಡ್’ ಎಂದು ಚೀನೀ ಅಕ್ಷರದಲ್ಲಿ ಬರೆದುಕೊಟ್ಟರು. ಆಮೇಲೆ ಮಣ್ಣು ತುಂಬಿಸಿ ಕಡಲನ್ನು ಎಷ್ಟು ಹಿಂದಕ್ಕೆ ತಳ್ಳಿದರೆಂದರೆ ಆ ಹಡಗು ಈಗ ಅಂಗಡಿ ಮಳಿಗೆಗಳ ನಡುವೆ ಇದೆ. ಯುವಾನ್ ಗೆಂಗ್ ಶೆಕೌನಲ್ಲೇ ಕೊನೆಯವರೆಗೂ ಇದ್ದು 2016ರ ಜನವರಿ 31ರಂದು ತೀರಿಕೊಂಡರು. ಲಿ ಅವರು ನಕ್ಷೆಯ ಮೇಲೆ ಒಪ್ಪಿಗೆ ಕೊಟ್ಟ ಅದೇ ದಿನ, ಮೂವತ್ತೇಳು ವರ್ಷದ ಮೇಲೆ.

ಇನ್ನೂ ಹೊತ್ತಿದ್ದರೆ ಚಿವಾನ್‌ಗೆ ಹೋಗಲಿ. ಅದಕ್ಕೆ ಸೀ ವರ್ಲ್ಡ್‌ನಲ್ಲೇ 2ನೇ ಮಾರ್ಗದ ರೈಲು ಹತ್ತಬೇಕು, ಕೊನೆಯ ಸ್ಟೇಷನ್. ಕಡಲದೇವಿ ತಿಯಾನ್‌ಹೌ ಗುಡಿ ಅಲ್ಲಿದೆ. ಹತ್ತಿರದಲ್ಲೇ ಸೋಂಗ್ ವಂಶದ ಕೊನೆಯ ದೊರೆ, ಎಳೆಯ ಬಾಲಕ ಜಾವೊ ಬಿಂಗ್‌ನ ಸಮಾಧಿ. 1279ರಲ್ಲಿ ಮಂಗೋಲರ ಎದುರು ಸೋತಾಗ ಮಂತ್ರಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಸಮುದ್ರಕ್ಕೆ ಹಾರಿದ. ಹೆಣ ತೇಲಿಕೊಂಡು ಬಂದು ಇಲ್ಲಿ ದಡ ಸೇರಿತು ಎಂದು ಊರಿನವರು ನಂಬುತ್ತಾರೆ. ಇತಿಹಾಸದ ಮೇಷ್ಟ್ರ ಮಗಳು ಇದನ್ನು ನೋಡದೆ ಬರಬಾರದು ಅಲ್ವಾ? ಜೂನ್ ಕೊನೆಯ ಹೊತ್ತಿಗೆ ಅಲ್ಲಿದ್ದರೆ ನಾನ್‌ಶಾನ್ ಲಿಚಿಯೂ ಸಿಗುತ್ತದೆ, ತಪ್ಪದೆ ತಿನ್ನಲಿ. ಬಂದ ಮೇಲೆ ಆ ಗಲ್ಲಿಗಳ ಬಗ್ಗೆ ಅವರೇ ನಾಲ್ಕು ಪುಟ ಬರೆದು ಕಳಿಸಿದರೆ ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ